ಮೂರು ಕಾರ್ಬನ್, ಒಂದು ಅಲ್ಯೂಮಿನಿಯಂ

ತಿಬಾಕಿರಾ ಊರಿನ ಸೈಕಲ್ ಸಂಘದ ಯಜಮಾನ ಬೆಲಾರ್ಮಿನೊ ಹೊಸ ಕಾರ್ಬನ್ ಫೈಬರ್ ಸೈಕಲ್ ತಂದ ಮೇಲೆ ಜನ ಅವನನ್ನು ಕಂಡರೆ ರಸ್ತೆ ಬದಲಿಸುತ್ತಿದ್ದರು. ಬ್ರೆಡ್ ಅಂಗಡಿಯ ಮುಂದೆ ನಿಂತವರನ್ನೆಲ್ಲ ಹಿಡಿದು, "ಒಂದೇ ಬೆರಳಲ್ಲಿ ಎತ್ತು, ಎತ್ತಿ ನೋಡು" ಎಂದು ಪೀಡಿಸುವುದೇ ಕೆಲಸ. ಒಳ್ಳೆಯ ಸೈಕಲ್ಲೇ, ಇಲ್ಲ ಅನ್ನುವುದಿಲ್ಲ. ಆದರೆ ಸೈಕಲ್ ಹಗುರವಾದಷ್ಟೂ ಸವಾರನ ತಲೆ ಭಾರವಾದರೆ ಯಾರೇನು ಮಾಡಲಾದೀತು?

ಬೊಯಾಕಾ ಸೀಮೆಯ ಊರುಗಳಲ್ಲಿ ಸೈಕಲ್ ಅಂದರೆ ಮಾನದ ಪ್ರಶ್ನೆ. ಪಕ್ಕದೂರಿನವರ ಜೊತೆ ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ಪಂದ್ಯ, ಊರಿಗೆ ನಾಲ್ಕೇ ಸವಾರರು. "ಈ ಸಲ ನಾಲ್ವರೂ ಕಾರ್ಬನ್ನೇ" ಎಂದು ಬೆಲಾರ್ಮಿನೊ ಸೈಕಲ್ ರಿಪೇರಿ ಅಂಗಡಿಯಲ್ಲಿ ಅಪ್ಪಣೆ ಹೊರಡಿಸಿದ.

ಅಲ್ಲೇ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಫ್ಲೋರ್ ಆಲ್ಬಾ ಪಂಪು ಕೆಳಗಿಟ್ಟಳು. ನಲವತ್ತಾರು ವಯಸ್ಸಿನ ಆಕೆ ಆರೋಗ್ಯ ಕೇಂದ್ರದ ನರ್ಸು. ಲಸಿಕೆಯ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು, ಅಲ್ಯೂಮಿನಿಯಂ ಸೈಕಲ್ಲಿನಲ್ಲಿ ದಿನಾ ಆ ಬೆಟ್ಟದ ಮನೆಮನೆಗೂ ಹೋಗುತ್ತಿದ್ದಳು. ಪಂದ್ಯದ ದಿನ ಮಾತ್ರ ತಿರುವಿನಲ್ಲಿ ನಿಂತು ಸವಾರರಿಗೆ ಬಾಳೆಹಣ್ಣು ಕೊಡುವ ಕೆಲಸ. ಹನ್ನೊಂದು ವರ್ಷದಿಂದ ಅದೇ. ಆ ನಾಲ್ವರಲ್ಲಿ ತಾನೂ ಒಬ್ಬಳಾಗಬೇಕೆಂಬ ಆಸೆಯನ್ನು ಆಕೆ ಇದುವರೆಗೆ ಯಾರಿಗೂ ಹೇಳಿರಲಿಲ್ಲ.

"ಡಾನ್ ಬೆಲಾರ್ಮಿನೊ, ಈ ಸಲ ನಾನೂ ಓಡಿಸ್ತೀನಿ." ಡಾನ್ ಅಂದರೆ ಅಲ್ಲಿ ದೊಡ್ಡವರನ್ನು ಮರ್ಯಾದೆಯಿಂದ ಕರೆಯುವ ಮಾತು.

"ನೀನು ಬಾಳೆಹಣ್ಣು ಕೊಡ್ದೆ ಹೋದ್ರೆ ನಾವು ಬೆಟ್ಟ ಹತ್ತೋದು ಹೆಂಗೆ ಫ್ಲೋರ್ಸಿತಾ?" ಎಂದ ಅವನು, ಚಿಕ್ಕ ಹುಡುಗಿಯನ್ನು ಮುದ್ದಿಗೆ ಕರೆದಂತೆ.

"ಬಾಳೆಹಣ್ಣಿಗೆ ಕಾಲಿಲ್ಲ ಡಾನ್, ನನಗಿದೆ."

ಅಂಗಡಿಯ ಮುದುಕ ತೆಯೋಫಿಲೊ ಚೈನಿನಿಂದ ತಲೆ ಎತ್ತದೆಯೇ ಬಾಯಿ ಹಾಕಿದ. "ಎರಡು ಸೈಕಲ್ಲಿಗೂ ಇರೋದು ಒಂದು ಒಂದೂವರೆ ಕೆಜಿ ವ್ಯತ್ಯಾಸ ಕಣಯ್ಯಾ. ಅದಕ್ಕಿಂತ ಜಾಸ್ತಿ ನೀನು ಬೆಳಗ್ಗೆ ತಿಂದು ಬಂದಿದೀಯ. ಕಾರ್ಬನ್ನು ರಸ್ತೆ ಕುಲುಕಾಟ ನುಂಗುತ್ತೆ, ಸೊಂಟಕ್ಕೆ ಸುಖ, ನಿಜ. ಅಲ್ಯೂಮಿನಿಯಂ ಪ್ರತಿ ಕಲ್ಲನ್ನೂ ಹೇಳಿ ಹೇಳಿ ಹೋಗುತ್ತೆ. ಆದ್ರೆ ಹತ್ತೋದು ಕಾಲಪ್ಪಾ! ಭಾನುವಾರ ಎಲ್ರೂ ಹತ್ತಿ. ಮೊದ್ಲು ತುದಿ ಮುಟ್ಟಿದ ನಾಲ್ವರೇ ತಂಡ."

ಸುತ್ತ ನಿಂತವರು ಹೋ ಎಂದು ಕೂಗಿದರು. ಅಷ್ಟು ಜನರ ಮುಂದೆ ಬೆಲಾರ್ಮಿನೊ ಒಲ್ಲೆ ಎನ್ನುವುದಾದರೂ ಹೇಗೆ? ಒಪ್ಪಿದ.

ಭಾನುವಾರ ಬೆಳಗ್ಗೆ ಬೆಟ್ಟದ ಬುಡಕ್ಕೆ ಹೋಗಿದ್ದು ಹಾಲಿನ ಲಾರಿಯಲ್ಲಿ. ಅಲ್ಲಿ ಯಾವಾಗಲೂ ಹಾಗೆಯೇ. ಕ್ಯಾನುಗಳ ಪಕ್ಕ ಸೈಕಲ್ಲುಗಳನ್ನು ನಿಲ್ಲಿಸಿ ಹಗ್ಗ ಸುತ್ತುವುದು, ಹಗ್ಗದೊಳಗೆ ಕೋಲು ತೂರಿಸಿ ಬಿಗಿಯಾಗುವ ತನಕ ತಿರುಚುವುದು. ಹಾಗೆ ಕಟ್ಟಿದ ಕ್ಯಾನು ಎಂಥ ರಸ್ತೆಯಲ್ಲೂ ಅಲುಗಾಡದು. ಬೆಲಾರ್ಮಿನೊ ತನ್ನ ಸೈಕಲ್ಲನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ತಾನೇ ಕೋಲು ಹಿಡಿದು, ಎಲ್ಲರಿಗಿಂತ ನಾಲ್ಕು ಸುತ್ತು ಹೆಚ್ಚೇ ತಿರುಚಿದ.

"ಮಧ್ಯೆ ನನ್ನ ಕಂಬಳಿ ಇಡಿ ಡಾನ್, ಹಗ್ಗ ಫ್ರೇಮಿನ ಕೊಳವೆಗೆ ಒತ್ತುತ್ತೆ" ಎಂದಳು ಫ್ಲೋರ್ ಆಲ್ಬಾ.

"ಇದು ಕಾರ್ಬನ್ ಕಣಮ್ಮ, ವಿಮಾನಕ್ಕೆ ಹಾಕ್ತಾರೆ. ಹಾಲು ಮಾರೋ ಮನೇಲಿ ಹುಟ್ಟಿದೋನಿಗೆ ಗಂಟು ಹಾಕೋದು ಹೇಳ್ಕೊಡ್ತೀಯಾ?"

ಆಕೆಯ ಸೈಕಲ್ಲಿಗೂ ಅದೇ ಹಗ್ಗ, ಅದೇ ತಿರುಚು. ಇಳಿಸಿದಾಗ ಒಂದಿಷ್ಟು ಬಣ್ಣ ಕಿತ್ತುಬಂದಿತ್ತು, ಅಷ್ಟೆ.

ಹನ್ನೆರಡು ಕಿಲೋಮೀಟರ್ ಏರು. ಮೊದಲ ಮೂವರು ಎಳೆಯರು ಕಣ್ಣಿಗೆ ಕಾಣದಷ್ಟು ಮುಂದೆ ಹೋದರು. ನಾಲ್ಕನೆಯವನು ಬೆಲಾರ್ಮಿನೊ, ಅವನ ಬೆನ್ನಿಗೇ ಫ್ಲೋರ್ ಆಲ್ಬಾ. ಹಿಂದೆ ಪೆಟ್ಟಿಗೆಯ ಭಾರವಿಲ್ಲದ ಸೈಕಲ್ಲು ಆಕೆಗೆ ತನ್ನದಲ್ಲವೇನೋ ಅನ್ನಿಸುವಷ್ಟು ಸಲೀಸಾಗಿತ್ತು. ಯಾವ ತಿರುವಿನಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು, ಎಲ್ಲವೂ ಆಕೆಗೆ ಬಾಯಿಪಾಠ.

ಎಂಟನೆಯ ಕಿಲೋಮೀಟರಿನಲ್ಲಿ ಮುಂದಿನ ಸೈಕಲ್ಲಿನಿಂದ ಟಕ್ ಎಂಬ ಸದ್ದು ಕೇಳಿತು. ಇನ್ನೊಮ್ಮೆ ಟಕ್. ಬೆಲಾರ್ಮಿನೊ ಎದ್ದು ತುಳಿದಾಗಲೆಲ್ಲ ಅದೇ. ಮುಂದೆ ಕಂದರದ ಅಂಚಿಗೆ ಒಂದು ಕಡಿದಾದ ಇಳಿಜಾರಿದೆ, ಅಲ್ಲಿ ಫ್ರೇಮು ಮುರಿದರೆ ಮುಗಿಯಿತು ಕಥೆ. ಸುಮ್ಮನಿದ್ದರೆ ಅವನು ತಾನಾಗಿಯೇ ಹಿಂದೆ ಬಿದ್ದಾನು, ನಾಲ್ಕನೆಯ ಜಾಗ ತನಗೇ. ಥೂ, ಇದೇನು ಯೋಚನೆ ನನ್ನದು ಎಂದು ತನ್ನನ್ನೇ ಬೈದುಕೊಂಡಳು.

"ಡಾನ್, ನಿಲ್ಸಿ! ಫ್ರೇಮು ಬಿರುಕು ಬಿಟ್ಟಿದೆ!"

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಹೊಟ್ಟೆಕಿಚ್ಚು ಬಿಟ್ಟು ತುಳಿಯೇ!"

"ನೆಲ ಅಲ್ಲ ಡಾನ್, ನಿಮ್ಮ ಸೈಕಲ್ಲು ಡೊಂಕು! ನಿಲ್ಸದಿದ್ರೆ ನಾಳೆ ನಿಮ್ಮ ಮೂತಿಗೆ ಹೊಲಿಗೆ ಹಾಕೋಳು ನಾನೇ. ಮರಗಟ್ಟಿಸೋ ಔಷಧಿ ಖಾಲಿಯಾಗಿದೆ, ನೆನಪಿರ್ಲಿ!"

ಅವನು ನಿಲ್ಲಿಸಿದ. ಆಕೆಯೂ ಇಳಿದು, ಹಗ್ಗ ಬಿಗಿದಿದ್ದ ಜಾಗವನ್ನು ಉಗುರಿನಿಂದ ತಟ್ಟಿದಳು. ಬೇರೆಡೆ ಟಣ್ ಎಂದ ಕೊಳವೆ ಅಲ್ಲಿ ಒದ್ದೆ ಹಲಗೆಯಂತೆ ಮಂಕಾಗಿ ಮಾತಾಡಿತು. ಬಣ್ಣದಡಿ ಕೂದಲೆಳೆಯ ಗೀರು. ಬೆಲಾರ್ಮಿನೊನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಔಷಧಿ ಅಂಗಡಿಯ ಕ್ರಿಸಾಂತೊ ತನ್ನ ಕಾರ್ಬನ್ ಸೈಕಲ್ಲಿನಲ್ಲಿ ಸರ್ರನೆ ದಾಟಿಹೋದ. "ಬಾಳೆಹಣ್ಣು ಹಂಚ್ತಾ ಇದೀರಾ?" ಎಂದು ನಕ್ಕು ಬೇರೆ ಹೋದ. ಪಾಪಿ!

ಫ್ಲೋರ್ ಆಲ್ಬಾ ಸೈಕಲ್ ಹತ್ತಿದಳು. ಸಿಟ್ಟು ನೆತ್ತಿಗೇರಿತ್ತು. ಅಲ್ಲಿಂದ ಮೊದಲ ಕಿಲೋಮೀಟರಿನಲ್ಲಿ ಕ್ರಿಸಾಂತೊನ ಬೆನ್ನೂ ಕಾಣಲಿಲ್ಲ. ಎರಡನೆಯದರಲ್ಲಿ ಕೆಂಪು ಅಂಗಿಯ ಚುಕ್ಕೆ ಕಂಡಿತು. ಕ್ರಿಸಾಂತೊನ ಸೈಕಲ್ಲು ಹಗುರವೇ, ಆದರೆ ಅವನು ಬೆಟ್ಟ ಹತ್ತುವುದು ಭಾನುವಾರ ಮಾತ್ರ. ಆಕೆ ಹತ್ತುವುದು ಸೋಮವಾರ, ಮಂಗಳವಾರ, ಬುಧವಾರ, ಮಳೆ, ಮಂಜು, ಕೂಸುಗಳ ಜ್ವರ. ಕೊನೆಯ ಮುನ್ನೂರು ಮೀಟರಿನಲ್ಲಿ ಅವನು ಹಲ್ಲು ಕಚ್ಚಿ ಎದ್ದು ತುಳಿದ. ಆಕೆ ಕೂತಲ್ಲಿಂದ ಏಳದೆಯೇ ಪಕ್ಕಕ್ಕೆ ಬಂದಳು. ದಾಟಿದಳು. ತುದಿಯ ಗುಡಿಸಲು ಹೋಟೆಲಿನ ಮುಂದೆ ನಿಂತಿದ್ದವರು ಹುಚ್ಚರಂತೆ ಕೂಗಿದರು, ತೆಯೋಫಿಲೊ ಟೋಪಿಯನ್ನೇ ಗಾಳಿಗೆ ಎಸೆದುಬಿಟ್ಟ. ಫ್ಲೋರ್ ಆಲ್ಬಾ ನಾಲ್ಕನೆಯವಳಾಗಿ ಗೆರೆ ದಾಟಿ, ಇಳಿಯಲೂ ಆಗದೆ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಅತ್ತಳು, ನಕ್ಕಳು.

ಮುಕ್ಕಾಲು ಗಂಟೆಯ ಮೇಲೆ ಬೆಲಾರ್ಮಿನೊ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆದು ಬಂದ. ಅದು ಹಗುರವಾಗಿದ್ದದ್ದು ಅಷ್ಟಕ್ಕಾದರೂ ಒದಗಿತು. ತೆಯೋಫಿಲೊ ಬಿರುಕನ್ನು ನೋಡಿ, "ಅಳಬೇಡ. ಕಾರ್ಬನ್ನಿಗೆ ತೇಪೆ ಹಾಕಬಹುದು. ಅಲ್ಯೂಮಿನಿಯಂ ಬಿರುಕು ಬಿಟ್ಟಿದ್ರೆ ಗುಜರಿಗೇ. ಆದ್ರೆ ಹೀಗೆ ಹಗ್ಗ ಹಿಂಡಿದ್ರೆ ಅದು ಬೇಗ ಬಿರುಕು ಬಿಡಲ್ಲ" ಎಂದ.

ತಂಡದ ಹೆಸರುಗಳನ್ನು ಯಜಮಾನನೇ ಪುಸ್ತಕದಲ್ಲಿ ಬರೆಯಬೇಕು, ಅದು ಸಂಘದ ಕಟ್ಟಳೆ. ಎಲ್ಲರೂ ಅವನ ಸುತ್ತ ನೆರೆದರು. ಬೆಲಾರ್ಮಿನೊ ಎಳೆಯರ ಮೂರು ಹೆಸರು ಬರೆದ, ಮನೆತನದ ಹೆಸರುಗಳ ಸಮೇತ. ನಾಲ್ಕನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಜಾಗ ಕೊಡುವುದಿಲ್ಲವೇನೋ ಎಂದು ಆಕೆ ಒಂದು ಹೆಜ್ಜೆ ಮುಂದೆ ಬಂದಳು.

ಅವನು ತಲೆ ತಗ್ಗಿಸಿ ಮೆಲ್ಲಗೆ ಕೇಳಿದ: "ಅಮ್ಮಾ, ನಿಮ್ಮ ಪೂರ್ತಿ ಹೆಸರು ಏನು?"

ಹನ್ನೊಂದು ವರ್ಷ ಬಾಳೆಹಣ್ಣು ತಿಂದವನು! ಫ್ಲೋರ್ ಆಲ್ಬಾ ಬೆನ್ನು ನೆಟ್ಟಗೆ ಮಾಡಿ, ಕೆಳಗಿನ ಕಣಿವೆಗೂ ಕೇಳಿಸುವಂತೆ ಹೇಳಿದಳು: "ಫ್ಲೋರ್ ಆಲ್ಬಾ ತಿಬಾದುಯ್ಸಾ ಪಿರಬಾನ್. ಬರ್ಕೊಳ್ಳಿ ಡಾನ್, ತಪ್ಪಿಲ್ದೆ ಬರ್ಕೊಳ್ಳಿ."