ಬಿದ್ದದ್ದನ್ನು ಎಬ್ಬಿಸುವವ

ಟೇಪು ಮತ್ತೆ ಹರಿಯಿತು. ಸುಬ್ರಾಯ ಹಲ್ಲು ಕಚ್ಚಿಕೊಂಡು ಹರಿದ ತುದಿಗಳನ್ನು ಒಂದರ ಮೇಲೊಂದಿಟ್ಟ. ತೂತಿನ ಮೇಲೆ ತೂತು ಕೂರುವಂತೆ ಅಂಟಿಸಿ, ಮೂರನೆಯ ಸಲ ಯಂತ್ರದ ಬಾಯಿಗೆ ಕೊಟ್ಟ. ಹಳದಿ ಕಾಗದದ ಪಟ್ಟಿ ಕಟಕಟನೆ ಒಳಗೆ ಸರಿದು, ಇನ್ನೊಂದು ಕಡೆಯಿಂದ ಬುಟ್ಟಿಗೆ ಸುರುಳಿಯಾಗಿ ಬಿತ್ತು.

"ಈಗ ಬೀಳಿಸಿ," ಎಂದ.

ಪೌಲೋಸ್ ಕುರ್ಚಿಯಿಂದ ಮಿಸುಕಲಿಲ್ಲ. "ನಾನು ಬೀಳಿಸುವುದಾ ಸಾರೇ? ಹದಿನಾಲ್ಕು ತಿಂಗಳು ಎಬ್ಬಿಸಿದ ಕೈ ಇದು."

"ಪರೀಕ್ಷೆ ಚೇಟ್ಟಾ. ಬೀಳಿಸಿ."

ಪೌಲೋಸ್ ನಿಟ್ಟುಸಿರು ಬಿಟ್ಟು ಮುಂದಿನ ಫಲಕದ ಎರಡು ಕೀಲಿಗಳನ್ನು ಬೇಕೆಂದೇ ತಪ್ಪಾಗಿ ಒತ್ತಿದ. ಸಾಲು ದೀಪಗಳು ಇದ್ದಲ್ಲೇ ಹೆಪ್ಪುಗಟ್ಟಿದವು. ಮೂಲೆಯ ಟೆಲಿಪ್ರಿಂಟರು ಬಡಿಯುವುದನ್ನು ನಿಲ್ಲಿಸಿತು. ಇಬ್ಬರೂ ಗೋಡೆಯ ಗಡಿಯಾರ ನೋಡಿದರು. ಅರ್ಧ ನಿಮಿಷ. ಯಾರೂ ಮುಟ್ಟಲಿಲ್ಲ. ದೀಪಗಳು ತಾವಾಗಿಯೇ ಓಡತೊಡಗಿದವು, ಟೆಲಿಪ್ರಿಂಟರು ಏನೂ ಆಗಲೇ ಇಲ್ಲವೆಂಬಂತೆ ಅಂಕಿಗಳನ್ನು ಬಡಿಯಿತು.

"ಈಶೋಯೇ," ಎಂದ ಪೌಲೋಸ್. "ಕರ್ತನು ಗೋರಿಯಿಂದ ಎಬ್ಬಿಸಿದ ಲಾಜರನ ಹಾಗೆ ಎದ್ದಿತಲ್ಲ!" ಆಮೇಲೆ ಸ್ವಲ್ಪ ಯೋಚಿಸಿ, "ಆದರೆ ಲಾಜರನನ್ನು ಎಬ್ಬಿಸಿದ ಮೇಲೆ, ನೀನು ಯಾತರಿಂದ ಸತ್ತೆ ಮಗನೇ ಅಂತ ಯಾರೂ ಕೇಳಲಿಲ್ಲ ಅಲ್ಲವಾ?" ಎಂದ.

ಸುಬ್ರಾಯ ನಕ್ಕ. ಅವನು ಕುಂಬಳೆಯವನು, ಮಲಯಾಳ ಅವನಿಗೆ ಅರ್ಧ ತಾಯಿಮಾತು. ಇಬ್ಬರ ನಡುವೆ ಮಾತೆಲ್ಲ ಅದರಲ್ಲೇ ನಡೆಯುತ್ತಿತ್ತು. ಹಿರಿಯನಾದ ಪೌಲೋಸನನ್ನು ಅವನು ಚೇಟ್ಟಾ, ಅಂದರೆ ಅಣ್ಣಾ, ಎಂದೇ ಕರೆಯುತ್ತಿದ್ದ.

ಏಲೂರಿನ ಹೊಳೆದಂಡೆಯ ಆ ಗೊಬ್ಬರದ ಕಾರ್ಖಾನೆ ಕಂಪ್ಯೂಟರು ತಂದದ್ದು ಅಮೋನಿಯಾ ವಿಭಾಗದ ಕಾವಲಿಗೆ. ನಲವತ್ತು ಮಾಪಕಗಳ ಮುಳ್ಳುಗಳು, ಒತ್ತಡದವು, ಬಿಸಿಯವು. ಅವನ್ನೆಲ್ಲ ಅರ್ಧ ನಿಮಿಷಕ್ಕೊಮ್ಮೆ ಓದಿ ಕಾಗದದ ಮೇಲೆ ಬಡಿಯಬೇಕು, ಯಾವುದಾದರೂ ಮಿತಿ ಮೀರಿದರೆ ಗಂಟೆ ಬಾರಿಸಬೇಕು. ಆ ಪ್ರೋಗ್ರಾಮನ್ನು ಬರೆದವನು ಸುಬ್ರಾಯನೇ. ಆದರೆ ಕಾಯಬೇಕಾದ ಪ್ರೋಗ್ರಾಮೇ ದಿನಕ್ಕೆ ಮೂರು ನಾಲ್ಕು ಸಲ ಮೂರ್ಛೆ ಹೋಗುತ್ತಿತ್ತು.

ಹಾಗೆ ಬಿದ್ದಾಗಲೆಲ್ಲ ಎಬ್ಬಿಸುವ ಕೆಲಸ ಪೌಲೋಸನದು. ಅವನದೊಂದು ಕ್ರಮವಿತ್ತು. ಮೊದಲು ಕೈಕಟ್ಟಿ ನಿಲ್ಲುವನು. ಹೆಪ್ಪುಗಟ್ಟಿದ ದೀಪಗಳನ್ನು ಮೂರು ಮೂರಾಗಿ ಗುಂಪು ಮಾಡಿ, ಗುಂಪಿಗೊಂದು ಅಂಕಿ ಕಟ್ಟಿ, ಜಪಮಾಲೆ ಎಣಿಸುವವನಂತೆ ಗಟ್ಟಿಯಾಗಿ ಓದುವನು: ಏಳು, ಎರಡು, ಒಂದು. ಅದನ್ನು ಗಂಟೆ ನಿಮಿಷದ ಸಮೇತ ಕೆಂಪು ಗೆರೆಯ ರಿಜಿಸ್ಟರಿನಲ್ಲಿ ಬರೆಯುವನು. ಬರೆದು ಮುಗಿಯುವವರೆಗೆ ಒಂದು ಕೀಲಿಯನ್ನೂ ಮುಟ್ಟುವವನಲ್ಲ. ಆ ಅಂಕಿಗಳ ಅರ್ಥ ಅವನಿಗೆ ಗೊತ್ತಿರಲಿಲ್ಲ. "ಸತ್ತವನ ಮುಖ ನೋಡದೆ ಪೆಟ್ಟಿಗೆ ಮುಚ್ಚಬಾರದು ಸಾರೇ," ಎನ್ನುತ್ತಿದ್ದ, ಅಷ್ಟೆ.

ಇದಕ್ಕೆಲ್ಲ ಮೂರು ನಿಮಿಷ ಬೇಕಾಗುತ್ತಿತ್ತು. ಉಪಕರಣ ವಿಭಾಗದ ಮುಖ್ಯಸ್ಥ ದಾಮೋದರರಿಗೆ ಆ ಮೂರು ನಿಮಿಷ ಹಲ್ಲಿಗೆ ಸಿಕ್ಕಿದ ಕಲ್ಲಾಗಿತ್ತು. ಭದ್ರಾವತಿ ಕಡೆಯವರು, ಕನ್ನಡದವನೆಂದು ಸುಬ್ರಾಯನನ್ನು ಆರಿಸಿ ತಂದವರೂ ಅವರೇ. "ಇನ್ನೆರಡು ವಾರಕ್ಕೆ ತಿರುವನಂತಪುರದಿಂದ ದೊಡ್ಡೋರು ಬರ್ತಿದಾರೆ ಕಣಯ್ಯ. ಅವರ ಮುಂದೆ ಇದು ಜ್ಞಾನ ತಪ್ಪಿ ಬೀಳ್ಬಾರ್ದು. ಬೀಳೋದನ್ನ ನಿಲ್ಸು, ಇಲ್ಲಾ ಬಿದ್ದಿದ್ದು ಕಾಣದಂಗೆ ಮಾಡು."

ಬೀಳುವುದು ಯಾಕೆಂದು ಹುಡುಕಲು ತಿಂಗಳುಗಳು ಬೇಕು. ಬಿದ್ದದ್ದನ್ನು ಎಬ್ಬಿಸುವುದಕ್ಕೆ ಹತ್ತು ದಿನ ಸಾಕು. ಸುಬ್ರಾಯನ ನೌಕರಿ ಖಾಯಂ ಆಗಲು ಉಳಿದದ್ದು ಎರಡು ತಿಂಗಳು. ಅವನು ಎಬ್ಬಿಸುವವನನ್ನು ಬರೆದ. ಅರ್ಧ ನಿಮಿಷಕ್ಕೊಮ್ಮೆ ಯಂತ್ರದ ಸ್ವಂತ ಗಡಿಯಾರ ಒಳಗೆ ಇಣುಕಿ ನೋಡಬೇಕು. ಪ್ರೋಗ್ರಾಮ್ ಉಸಿರಾಡದಿದ್ದರೆ ಮೊದಲಿನಿಂದ ಶುರು ಮಾಡಬೇಕು. ಹೊಸದಾಗಿ ಎದ್ದಾಗ ನಲವತ್ತು ಜಾಗಗಳಲ್ಲೂ ಸೊನ್ನೆ ಕಾಣಿಸಿ ಅಸಹ್ಯವಾಗುತ್ತಿತ್ತು. ಅದಕ್ಕೆ, ನಿಜವಾದ ಅಂಕಿ ಬರುವ ತನಕ ಮಾಮೂಲಿ ಅಂಕಿಗಳನ್ನು ತುಂಬಿಸಿಡುವ ಏರ್ಪಾಡು ಮಾಡಿದ. ಪ್ರತಿ ಸಲವೂ ಕೊನೆಗೊಂದು ಸಾಲು ಅಚ್ಚಾಗುತ್ತಿತ್ತು: ಇಷ್ಟು ಹೊತ್ತಿಗೆ ಬಿತ್ತು, ಎದ್ದಿತು.

ದಾಮೋದರರು ಆ ಸಾಲಿನ ಮೇಲೆ ಬೆರಳಿಟ್ಟರು. "ಇದ್ಯಾಕೆ? ಮನೆಗೆ ಬಂದ ನೆಂಟರ ಮುಂದೆ ಕಾಯಿಲೆ ಪಟ್ಟಿ ಓದ್ತಾರೇನಯ್ಯ?"

ಟೇಪಿನ ಮೇಲೆ ಅದು ಒಂದೇ ಒಂದು ತೂತು. ಸುಬ್ರಾಯ ಸಾಸಿವೆಯಷ್ಟು ಕಾಗದ ಕತ್ತರಿಸಿ ಅದರ ಮೇಲೆ ಅಂಟಿಸಿದ.

ದೊಡ್ಡವರು ಬಂದರು, ಕಾಗದ ನೋಡಿದರು, ಚಹಾ ಕುಡಿದರು, ಹೋದರು. ಮರುದಿನವೇ ಪೌಲೋಸನಿಗೆ ಚೀಟಿ ಬಂತು: ಎಬ್ಬಿಸಲು ಇನ್ನು ಮನುಷ್ಯ ಬೇಕಿಲ್ಲ, ಕಂಪ್ರೆಸರ್ ವಿಭಾಗಕ್ಕೆ ಹೋಗತಕ್ಕದ್ದು. ಅದು ತುರ್ತು ಪರಿಸ್ಥಿತಿಯ ಕಾಲ, 'ಮಾತು ಕಡಿಮೆ, ಕೆಲಸ ಹೆಚ್ಚು' ಎಂಬ ಫಲಕ ಪ್ರತಿ ಗೋಡೆಯ ಮೇಲೂ ಇದ್ದ ವರ್ಷ. ಯಾರೂ ಏನೂ ಕೇಳಲಿಲ್ಲ. ಪೌಲೋಸ್ ತನ್ನ ಊಟದ ಡಬ್ಬಿ ಎತ್ತಿಕೊಂಡು ರಿಜಿಸ್ಟರನ್ನು ಸುಬ್ರಾಯನ ಕೈಗೆ ಕೊಟ್ಟ.

"ಒಂದು ಮಾತು ಸಾರೇ. ಮೂರನೇ ಕಂಪ್ರೆಸರ್ ಬಿಸಿಯೇರಿದ ದಿನ ಇದು ಬೀಳುವುದು ಅವೇ ದೀಪಗಳಲ್ಲಿ. ಏಳು-ಎರಡು-ಒಂದು. ಹಿಂದಿನ ಪುಟ ತಿರುವಿ ನೋಡಿ."

"ನೋಡ್ತೇನೆ ಚೇಟ್ಟಾ," ಎಂದ ಸುಬ್ರಾಯ. ರಿಜಿಸ್ಟರನ್ನು ಮೇಜಿನ ಕೆಳಗಿನ ಖಾನೆಯಲ್ಲಿಟ್ಟ. ನೋಡಲಿಲ್ಲ.

ಆರು ವಾರ ಯಂತ್ರ ಬೀಳಲೇ ಇಲ್ಲ. ಅಂದರೆ, ಬಿದ್ದದ್ದು ಯಾರಿಗೂ ಕಾಣಲಿಲ್ಲ. ಸಂಜೆ ಮಟ್ಟಾಂಚೇರಿಗೆ ದೋಣಿ ಹಿಡಿದು, ಮೆಣಸಿನ ಗೋದಾಮಿನ ಮೇಲಿನ ತನ್ನ ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ಸುಬ್ರಾಯನ ಕಾಲು ಹಗುರವಾಗಿರುತ್ತಿತ್ತು. ತಾನು ಸತ್ತರೂ ತನ್ನನ್ನು ಯಾರೋ ಅರ್ಧ ನಿಮಿಷದಲ್ಲಿ ಎಬ್ಬಿಸಿ ಕೂರಿಸಿಯಾರು, ಬಾಯಲ್ಲಿ ಮಾಮೂಲಿ ಮಾತು ತುಂಬಿಯಾರು ಎಂದು ಒಮ್ಮೆ ಅನಿಸಿ, ದೋಣಿಯಲ್ಲೇ ನಗು ಬಂದಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ಟೆಲಿಪ್ರಿಂಟರಿನ ಮುಂದೆ ಕೂತಿದ್ದ. ಮೂರನೇ ಕಂಪ್ರೆಸರಿನ ಸಾಲಿನಲ್ಲಿ ಇನ್ನೂರ ಹದಿನಾಲ್ಕು. ಅರ್ಧ ನಿಮಿಷ ಬಿಟ್ಟು ಇನ್ನೂರ ಹದಿನಾಲ್ಕು. ಮತ್ತೆ ಇನ್ನೂರ ಹದಿನಾಲ್ಕು. ಎಷ್ಟು ಶಾಂತವಾಗಿದೆ ಎಂದುಕೊಂಡ. ಮೂಗಿನೊಳಗೆ ಏನೋ ಚುಚ್ಚಿದಂತಾಯಿತು. ಕಿಟಕಿಯ ಹೊರಗೆ ಜನ ಒದ್ದೆ ಬಟ್ಟೆ ಬಾಯಿಗೊತ್ತಿಕೊಂಡು ಓಡುತ್ತಿದ್ದರು. ಅವನು ಕಿಟಕಿ ನೋಡಿದ, ಕಾಗದ ನೋಡಿದ. ಇನ್ನೂರ ಹದಿನಾಲ್ಕು. ನಂಬಬೇಕಾದದ್ದು ಯಾವುದನ್ನು ಎಂದು ಒಂದು ಕ್ಷಣ ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಯಂತ್ರ ಗಂಟೆ ಬಾರಿಸಲಿಲ್ಲ.

ಅಮೋನಿಯಾ ಸೋರುತ್ತಿದ್ದ ಕಂಪ್ರೆಸರ್ ವಿಭಾಗದೊಳಗೆ ನುಗ್ಗಿ ಕೈಯಿಂದ ಕವಾಟ ಮುಚ್ಚಿದವನು ಪೌಲೋಸ್. ಸತ್ತವರು ಯಾರೂ ಇಲ್ಲ. ಅವನನ್ನು ಹೊತ್ತು ತಂದಾಗ ಎರಡೂ ಕಣ್ಣು ಬೆಂದ ಮೀನಿನ ಕಣ್ಣಿನಂತಿದ್ದವು.

ಆ ದಿನ ಸಂಜೆ ಸುಬ್ರಾಯ ಖಾನೆ ತೆರೆದ. ಏಳು-ಎರಡು-ಒಂದು ಎಂಬುದು ಅವನ ಪ್ರೋಗ್ರಾಮಿನದೇ ಒಂದು ಜಾಗ. ಮೂರನೇ ಕಂಪ್ರೆಸರಿನ ಮುಳ್ಳನ್ನು ಓದುವ ಜಾಗ. ಮುಳ್ಳು ಅಳತೆಪಟ್ಟಿಯ ತುದಿ ದಾಟಿದರೆ ಏನು ಮಾಡಬೇಕೆಂದು ಅವನು ಬರೆದಿರಲಿಲ್ಲ. ಅದು ಅಲ್ಲಿಯವರೆಗೆ ಹೋಗುವುದಿಲ್ಲ ಎಂದುಕೊಂಡಿದ್ದ. ಹೇಳಲೇಬೇಕಾದದ್ದನ್ನು ಕಂಡಾಗಲೇ ಅದು ಬೀಳುತ್ತಿತ್ತು. ಬೀಳುವುದೇ ಅದರ ಕೂಗಾಗಿತ್ತು. ಅವನು ಅರ್ಧ ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸಿ, ಮುಖ ತೊಳೆದು, ಇನ್ನೂರ ಹದಿನಾಲ್ಕು ಎಂಬ ಮಾಮೂಲಿ ಅಂಕಿ ಹೇಳಿಸಿದ್ದ.

ಮೂರು ವಾರ ಕಳೆದ ಮೇಲೆ ದಾಮೋದರರು ಬಾಗಿಲು ಮುಚ್ಚಿ ಮಾತಾಡಿದರು. ಸೋಮವಾರ ತಿರುವನಂತಪುರದಲ್ಲಿ ವಿಚಾರಣೆ. ಪೌಲೋಸನ ಕಣ್ಣಿನ ಚಿಕಿತ್ಸೆಯೂ ಅಲ್ಲೇ.

"ರಿಜಿಸ್ಟರಲ್ಲಿ ಆರು ವಾರ ಖಾಲಿ ಇದೆ. ಅವನ ಕೈಯಿಂದ್ಲೇ ತುಂಬ್ಸಿಬಿಡು. ಮಿಷಿನ್ನು ಯಾವಾಗ್ಲೂ ಬೀಳೋ ಹಾಗೇ ಬಿತ್ತು, ಅವನು ಬರ್ಕೊಳೋ ಹಾಗೇ ಬರ್ಕೊಂಡ. ಮುಗೀತು. ಅವನ ವರ್ಗಾವಣೆ ಚೀಟಿ ನಾನು ನೋಡ್ಕೋತೀನಿ. ತಪ್ಪು ಯಾರ್ದೂ ಅಲ್ಲ. ಅವನಿಗೆ ಹಳೇ ಕುರ್ಚಿ ವಾಪಸ್ಸು, ಕ್ವಾರ್ಟರ್ಸೂ ಅವನದೇ. ಇಲ್ಲಾಂದ್ರೆ ನಿನ್ನ ಟೇಪು ಬಿಚ್ಚಿ ನೋಡ್ತಾರೆ, ಅಂಟಿಸಿದ ಕಾಗದ ಸಿಗುತ್ತೆ. ನಿನ್ನ ಖಾಯಂ ಆರ್ಡರು ನನ್ನ ಮೇಜಿನ ಮೇಲೇ ಇದೆ ನೋಡು."

ಆಗುವುದಿಲ್ಲ ಎನ್ನಬೇಕೆಂದು ಸುಬ್ರಾಯ ಬಾಯಿ ತೆರೆದ. ಹೊರಗೆ ಬಂದದ್ದು ಬೇರೆ ಮಾತು: "ಅವನು ಬರೆಯುವುದು ನೀಲಿ ಶಾಯಿಯಲ್ಲಿ. ಅದೇ ಪೆನ್ನು ಬೇಕಾಗ್ತದೆ."

ಮನೆಯಲ್ಲಿ ವಿಷಯ ಕೇಳಿ, ಹೆಂಡತಿ ವಿಜಯಾ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಎಂತ ಮಾರಾಯ್ರೆ, ಕಣ್ಣು ಹೋದ ಮನುಷ್ಯನ ಹತ್ತಿರ ಬರೆಸಲಿಕ್ಕೆ ಹೋಗುವುದಾ?"

"ಒಂದು ಕಣ್ಣು ಕಾಣ್ತದೆ," ಎಂದ. ಹೇಳಿದ ಮೇಲೆ ಆ ಮಾತು ಮನೆಯೊಳಗೆ ಹಾಗೇ ನಿಂತಿತು. ಅವಳು ಮತ್ತೆ ಬಟ್ಟೆ ಮಡಚತೊಡಗಿದಳು.

ಶನಿವಾರ ಬೆಳಗಿನ ರೈಲಿನಲ್ಲಿ ರಿಜಿಸ್ಟರು ಪತ್ರಿಕೆಯಲ್ಲಿ ಸುತ್ತಿಕೊಂಡು ಅವನ ತೊಡೆಯ ಮೇಲಿತ್ತು. ಜೇಬಿನಲ್ಲಿ ಒಂದು ಹಾಳೆ. ಆರು ವಾರದ ಪತನಗಳನ್ನು ಅವನೇ ಕಲ್ಪಿಸಿ ಬರೆದಿದ್ದ. ಮೊದಲ ಸಲ ಬರೆದಾಗ ದಿನಕ್ಕೆ ಮೂರರಂತೆ ಸಮವಾಗಿ ಬಂದಿತ್ತು. ನಿಜದಂತೆ ಕಾಣುವುದಿಲ್ಲವೆಂದು ಅದನ್ನು ಹರಿದು ಹಾಕಿ, ಅಡ್ಡಾದಿಡ್ಡಿ ಮಾಡಿ ಮತ್ತೊಂದು ಬರೆದಿದ್ದ. ಕೊಲ್ಲಂ ದಾಟಿದ ಮೇಲೆ ಅದನ್ನು ಇನ್ನೊಮ್ಮೆ ಓದಿದ. ಎಲ್ಲಿ ನೋಡಿದರೂ ತನ್ನ ಕೈಯ ಜಾಣತನ. ಮಡಚಿ ಜೇಬಿಗೆ ಹಾಕಿದ.

ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ಪೌಲೋಸ್ ಮಂಚದ ಮೇಲೆ ಕೂತು ಹಾಲಿಲ್ಲದ ಕಟ್ಟನ್ ಕಾಪಿ ಕುಡಿಯುತ್ತಿದ್ದ. ಎಡಗಣ್ಣಿಗೆ ಪಟ್ಟಿ. ಬಲಗಣ್ಣು ಕೆಂಪಗೆ, ಒಂದೇ ಸಮ ನೀರಿಡುತ್ತಿತ್ತು. ಹತ್ತಿರ ಹೋಗುವವರೆಗೆ ಅವನಿಗೆ ಸುಬ್ರಾಯನ ಗುರುತು ಹತ್ತಲಿಲ್ಲ.

"ಯಾರು? ಸಾರ್ ಅಲ್ಲವಾ? ಕೂತುಕೊಳ್ಳಿ, ಕೂತುಕೊಳ್ಳಿ." ಸ್ವರ ಗರಗಸದಂತಾಗಿತ್ತು. "ನಮ್ಮ ಲಾಜರ್ ಹೇಗಿದ್ದಾನೆ?"

"ಎಬ್ಬಿಸುವ ಟೇಪು ತೆಗೆದುಬಿಟ್ಟೆ ಚೇಟ್ಟಾ. ಈಗ ಮೊದಲಿನ ಹಾಗೆ ಬೀಳ್ತದೆ."

"ನನ್ನಾಯಿ," ಎಂದು ತಲೆಯಾಡಿಸಿದ. ಒಳ್ಳೆಯದಾಯಿತು. "ಯಾರು ಬರೆಯುವುದು?"

"ಯಾರೂ ಇಲ್ಲ. ನಿಮ್ಮ ಕುರ್ಚಿ ನಿಮಗೇ ಕಾದಿದೆ. ದಾಮೋದರ ಸಾರ್ ಮಾತು ಕೊಟ್ಟಿದ್ದಾರೆ. ಒಂದೇ ಒಂದು ಕೆಲಸ ಬಾಕಿ." ಸುಬ್ರಾಯ ಪತ್ರಿಕೆ ಬಿಚ್ಚಿ ರಿಜಿಸ್ಟರನ್ನು ಅವನ ಮಡಿಲಲ್ಲಿಟ್ಟು ಖಾಲಿ ಪುಟ ತೆರೆದ. ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟ. ದಾಮೋದರರು ಹೇಳಿದ್ದನ್ನೆಲ್ಲ ಹೇಳಿದ, ಹಾಳೆ ಬಿಡಿಸಿ ಹಿಡಿದ. "ನಾನು ಓದ್ತೇನೆ, ನೀವು ಬರೆದರಾಯಿತು."

ಪೌಲೋಸ್ ಪುಟವನ್ನು ಕಣ್ಣಿನ ತೀರ ಹತ್ತಿರ ತಂದು, ಕೆಂಪು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ.

"ಮೊದಲ ದಿನ. ಎಷ್ಟು ಹೊತ್ತಿಗೆ ಬಿತ್ತು?"

"ಹತ್ತು ಇಪ್ಪತ್ತಕ್ಕೆ."

"ದೀಪ?"

"ಏಳು, ಎರಡು, ಒಂದು."

ಪೆನ್ನು ಕಾಗದಕ್ಕೆ ತಾಗಲಿಲ್ಲ. "ಸಾರ್ ನೋಡಿದಿರಾ?"

ಸುಬ್ರಾಯ ಹಾಳೆಯ ಮಡಿಕೆಯನ್ನು ಉಗುರಿನಿಂದ ನೇರ ಮಾಡಿದ.

"ಹತ್ತು ಇಪ್ಪತ್ತಕ್ಕೆ ಸಾರ್ ಕ್ಯಾಂಟೀನಿನಲ್ಲಿ ಇರುತ್ತೀರಿ. ಪರಿಪ್ಪುವಡೆ ಬಿಸಿ ಇರುವ ಹೊತ್ತು."

"ಅದು ತಾನೇ ಬರೆಯುತ್ತಿತ್ತು ಚೇಟ್ಟಾ," ಎಂದ ಸುಬ್ರಾಯ. ಸ್ವರ ತನ್ನದಲ್ಲವೆನಿಸಿತು. "ಬಿದ್ದಾಗಲೆಲ್ಲ ಒಂದು ಸಾಲು ಬರೆಯುವ ಹಾಗೆ ಮಾಡಿದ್ದೆ. ಒಂದು ತೂತು. ಆಮೇಲೆ ನಾನೇ ಅದನ್ನು ಮುಚ್ಚಿದೆ. ಎಷ್ಟು ಸಲ ಬಿತ್ತು, ಯಾವಾಗ ಬಿತ್ತು, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ."

ಪೌಲೋಸನ ಬಲಗಣ್ಣು ನೀರು ಸುರಿಸುತ್ತಲೇ ಇತ್ತು. ಅದು ಅಳುವಲ್ಲ, ಗಾಯ. ಹಾಗಿದ್ದರೂ ಸುಬ್ರಾಯನಿಗೆ ನೋಡಲಾಗಲಿಲ್ಲ.

"ಒಂದು ಪುಟವಾದರೂ ಬರೆಯಿರಿ," ಎಂದು ಬೇಡಿದ. "ನನಗಾಗಿ ಬೇಡ. ಕುರ್ಚಿ ಸಿಗ್ತದೆ, ಕ್ವಾರ್ಟರ್ಸ್ ಉಳೀತದೆ. ಒಂದು ಕಣ್ಣಿನಲ್ಲಿ ಬೇರೆ ಎಂತ ಕೆಲಸ ಮಾಡ್ತೀರಿ ಚೇಟ್ಟಾ? ದೀಪ ಓದುವುದಾದರೆ ಆಗ್ತದಲ್ಲ."

ಪೌಲೋಸ್ ತಡಕಾಡಿ ಹಾಸಿಗೆಯ ಮೇಲಿದ್ದ ಮುಚ್ಚಳ ಹುಡುಕಿದ. ಅದನ್ನು ಪೆನ್ನಿಗೆ ಹಾಕಿ, ಪೆನ್ನನ್ನು ಖಾಲಿ ಪುಟದ ನಡುವೆ ಇಟ್ಟು, ರಿಜಿಸ್ಟರು ಮುಚ್ಚಿ, ಎರಡೂ ಕೈಯಿಂದ ಸುಬ್ರಾಯನ ಕಡೆಗೆ ದೂಡಿದ.

"ನಾನು ಬರೆಯುವುದಿಲ್ಲ."