ಹಳದಿ ನೂಲಿನ ಕಾಜಾ

ಸುದ್ದಿ ಬಂದಾಗ ಟೈಲರ್ ಮಾಸ್ಟರು ಒಂದು ಅಂಗಿಯ ತೋಳು ಕತ್ತರಿಸುತ್ತಿದ್ದರು. ಆಸ್ಪತ್ರೆಯಿಂದ ಫೋನು ಬಂದದ್ದು ಪಕ್ಕದ ಬೀಗದಂಗಡಿಯವನಿಗೆ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದ ಆ ಮನುಷ್ಯ ಅಂದು ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದ. ಮಾಸ್ಟರಿಗೆ ತಿಳಿದುಹೋಯಿತು. ಆದರೂ ಕತ್ತರಿ ನಿಲ್ಲಲಿಲ್ಲ. ಸೀಮೆಸುಣ್ಣದ ಗೆರೆ ಮುಗಿಯುವವರೆಗೆ ನಡೆಯಿತು. ಹೆಂಡತಿ ಹೋದಳೆಂದು ತಿಳಿದೂ ಬಟ್ಟೆ ಕತ್ತರಿಸಿದೆನಲ್ಲ ಎಂಬುದು ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ತಿಂಗಳ ಮೇಲೆ ಅಂಗಡಿ ತೆರೆದರು. ಮೂವತ್ತೆಂಟು ವರ್ಷ ಅವರು ಕತ್ತರಿಸಿ ಮಿಷನ್ನು ತುಳಿದರೆ, ಗುಂಡಿ ಹಚ್ಚಿ, ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲಿ ಹೊಲಿದು, ಮಡಿಸಿ ಕೊಡುತ್ತಿದ್ದವಳು ಅವಳು. ಈಗ ಕೈ ಓಡದು, ಮನಸ್ಸು ಮೊದಲೇ ಓಡದು. ಒಪ್ಪಿಕೊಂಡ ಕೆಲಸ ಮುಗಿಸಿ ಬಾಗಿಲು ಹಾಕಿಬಿಡುವುದೆಂದು ನಿಶ್ಚಯಿಸಿದ್ದರು.

ಬಸ್ ಕಂಡಕ್ಟರೊಬ್ಬ ಸವೆದ ಕಾಲರು ತಿರುಗಿಸಲು, ಹಿಂದೆ ಇಲ್ಲೇ ಹೊಲಿಸಿದ್ದ ತನ್ನ ನೀಲಿ ಅಂಗಿ ಕೊಟ್ಟುಹೋಗಿದ್ದ. ಕಾಲರು ಮುಗಿಸಿ ಮಡಿಸುವಾಗ ಮಾಸ್ಟರ ಕಣ್ಣಿಗೆ ಬಿತ್ತು: ಕಾಜಾಗಳೆಲ್ಲ ನೀಲಿ, ತೀರ ಕೆಳಗಿನದೊಂದು ಹಳದಿ. ಪಾಪ, ಕಡೆಗಾಲದಲ್ಲಿ ಅವಳ ಕಣ್ಣು ಮಂಜಾಗಿತ್ತು. ಸತ್ತವಳ ಕೆಲಸಕ್ಕೆ ಯಾರೂ ಹೆಸರಿಡಬಾರದೆಂದು ಬ್ಲೇಡು ತೆಗೆದು ಹಳದಿ ನೂಲನ್ನು ಎಳೆ ಎಳೆಯಾಗಿ ಬಿಡಿಸಿದರು. ನೀಲಿ ನೂಲಿನಲ್ಲಿ ಹೇಗೋ ಸುತ್ತಿ ಮುಗಿಸಿದರು.

ಮರುದಿನ ಬಂದ ಕಂಡಕ್ಟರು ಕಾಲರಿನ ಕಡೆ ನೋಡಲೇ ಇಲ್ಲ. ಅಂಗಿಯ ತುದಿ ತಿರುಗಿಸಿ ನೋಡಿದ.

"ಮಾಸ್ಟರ್, ಇಲ್ಲೊಂದು ಹಳದಿ ಇತ್ತಲ್ಲ?"

"ತಪ್ಪಿ ಹಾಕಿದ್ದಳು. ಸರಿ ಮಾಡಿದೀನಿ."

ಅವನು ಬೆಂಚಿನ ಮೇಲೆ ಕುಳಿತುಬಿಟ್ಟ. "ತಪ್ಪಿ ಅಲ್ಲ. ಒಂದಿನ ಅಕ್ಕ ಕೇಳಿದ್ರು, ಯಾಕಪ್ಪ ಮುಖ ಗಂಟು ಹಾಕ್ಕೊಂಡಿದೀಯ ಅಂತ. ದಿನವೆಲ್ಲ ಜನರ ಬೈಗುಳ ತಿನ್ನೋದೇ ಆಯ್ತು ಅಂದೆ. ಮುಂದಿನ ಅಂಗೀಲಿ ಇದನ್ನ ಹೊಲಿದ್ರು. ಪ್ಯಾಂಟಿನೊಳಗೆ ಹೋಗುತ್ತೆ, ಯಾರಿಗೂ ಕಾಣಲ್ಲ, ನಿನ್ನ ಗುಟ್ಟು ನಿನಗೆ. ಬೆಳಿಗ್ಗೆ ಗುಂಡಿ ಹಾಕ್ಕೊಳ್ಳುವಾಗ ಒಂದ್ಸಲ ನಕ್ಕುಬಿಡು ಅಂದ್ರು. ನನಗೊಬ್ಬನಿಗೇ ಅಂದ್ಕೊಂಡಿದ್ದೆ. ನೋಡಿದ್ರೆ ಡಿಪೋದಲ್ಲಿ ಇನ್ನೂ ಮೂವರ ಅಂಗೀಲಿದೆ."

"ನನಗೆ ಹೇಳಲೇ ಇಲ್ಲ ಅವಳು."

"ಹೇಳಬೇಡ ಅಂದಿದ್ರು. ಗೊತ್ತಾದ್ರೆ ನಮ್ಮನೆಯವರು ಬಿಚ್ಚಿಬಿಡ್ತಾರೆ ಅಂತ."

ಮಾಸ್ಟರು ಬಗ್ಗಿ ಮಿಷನ್ನಿನ ಕೆಳಗೆ ನೋಡಿದರು. ಬೆಳಿಗ್ಗೆಯೇ ಗುಡಿಸಿಯಾಗಿತ್ತು, ಒಂದೆಳೆಯೂ ಇರಲಿಲ್ಲ. ಆಮೇಲೆ ತಾವು ತೊಟ್ಟಿದ್ದ ಅಂಗಿಯ ತುದಿ ತಿರುಗಿಸಿದರು. ಅದರಲ್ಲಿ ಬಿಳಿಯೇ ಇತ್ತು, ಆರಕ್ಕೆ ಆರೂ. ಅವಳಿಗೆ ಗಂಡ ಚೆನ್ನಾಗಿ ಗೊತ್ತಿದ್ದ.

"ಕೂತಿರು," ಎಂದು ಅವಳ ನೂಲಿನ ಡಬ್ಬಿ ತೆರೆದರು. ಹಳದಿ ಉಂಡೆಯಲ್ಲಿ ಸೂಜಿ ಚುಚ್ಚಿದ್ದು ಚುಚ್ಚಿದಂತೆಯೇ ಇತ್ತು, ಗೇಣುದ್ದ ನೂಲಿನ ಸಮೇತ. ತಾವು ಸುತ್ತಿದ್ದ ನೀಲಿಯನ್ನು ಬಿಚ್ಚಿ ಅದೇ ನೂಲಿನಿಂದ ಶುರು ಮಾಡಿದರು. ಎರಡು ಸಲ ಸೂಜಿ ಬೆರಳಿಗೆ ಚುಚ್ಚಿತು. ಕಾಜಾ ಹೊಲಿದದ್ದು ದಾರಿ ತಪ್ಪಿದ ಇರುವೆಸಾಲಿನಂತೆ ಕಂಡಿತು.

ಕಂಡಕ್ಟರು ಅದನ್ನು ಬೆಳಕಿಗೆ ಹಿಡಿದ. "ಪ್ಯಾಂಟಿನೊಳಗೆ ಹೋಗೋದೇ ಒಳ್ಳೇದಾಯ್ತು ಬಿಡಿ ಮಾಸ್ಟರ್."

ಮಾಸ್ಟರ ತುಟಿ ಸ್ವಲ್ಪ ಸಡಿಲವಾಯಿತು. ತಿಂಗಳಿನಿಂದ ಅಷ್ಟೂ ಆಗಿರಲಿಲ್ಲ.

ಅವನು ಹೋದ ಮೇಲೆ, ಸುದ್ದಿ ಬಂದ ದಿನ ತೋಳು ಕತ್ತರಿಸಿ ಮೂಲೆಗೆ ತಳ್ಳಿದ್ದ ಅಂಗಿಯ ಗಂಟು ಬಿಚ್ಚಿದರು. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಬಾಗಿಲು ಹಾಕುವ ಮಾತು ಸದ್ಯಕ್ಕೆ ಹಾಗೇ ಇರಲಿ. ಈ ಅಂಗಿಗೂ ಒಂದು ಕೊನೆಯ ಕಾಜಾ ಬೇಕು. ಸೂಜಿಗೆ ಹಳದಿ ನೂಲು ಪೋಣಿಸಿ ಹಣೆಗೊತ್ತಿಕೊಂಡರು.

ದೇವರೇ, ತಿಳಿಯದೆ ಬಿಚ್ಚಿದೆ, ಕ್ಷಮಿಸು. ಅವಳ ಕಣ್ಣು ದಣಿದಿತ್ತು, ಬೆರಳು ದಣಿದಿತ್ತು. ನಿನ್ನ ಹತ್ತಿರ ಅವಳಿಗೆ ವಿಶ್ರಾಂತಿ ಸಿಗಲಿ. ಅವಳ ಜೀವ ತಣ್ಣಗಿರಲಿ.