ಎಡಗೈಗೆ ಎರಡು ಪಟ್ಟಿ

ಬಾಲ್ಕನಿಯ ತಂತಿಯ ಮೇಲೆ ಒಣಗಿದ್ದ ಕೈಪಟ್ಟಿಗಳೆರಡನ್ನೂ ತಂದು, ತೊಡೆಯ ಮೇಲೆ ಹಾಕಿಕೊಂಡು ಅವಳು ಸುರುಳಿ ಸುತ್ತಿದಳು. ಗ್ಲೌಸು ತೊಡುವ ಮುಂಚೆ ಬಾಕ್ಸರುಗಳು ಬೆರಳಿನ ಗೆಣ್ಣು ಉಳಿಸಿಕೊಳ್ಳಲು ಸುತ್ತಿಕೊಳ್ಳುವ ಪಟ್ಟಿಗಳು. ಹೆಬ್ಬೆರಳಿನ ಕುಣಿಕೆ ಹೊರಗೆ ಬರಬೇಕು, ಅಂಟುವ ತುದಿ ಒಳಗೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಗಂಡ ಕಲಿಸಿದ್ದ. ಹೂವು ತಂದುಕೊಡುವ ದಿನಗಳಲ್ಲಿ ಬೆವರುನಾತದ ಬಟ್ಟೆ ತಂದುಕೊಟ್ಟ ಮಹಾನುಭಾವ ಎಂದು ಅವಳು ಈಗಲೂ ಕಿಚಾಯಿಸುವುದುಂಟು.

ಹದಿನಾರು ವರ್ಷವಾಯಿತು. ಗೆದ್ದ ದಿನವೂ ಸೋತ ದಿನವೂ ಮನೆಗೆ ಬರುತ್ತಿದ್ದುದು ಅದೇ ಊದಿದ ಮುಖ, ಅದೇ ಐಸಿನ ಚೀಲ. ಈಗೀಗ ಗೆಲುವು ಕಡಿಮೆ, ಐಸು ಜಾಸ್ತಿ. ಬರುವ ಶನಿವಾರ ಇನ್ನೊಂದು ಪಂದ್ಯವಿತ್ತು. ಗೆದ್ದರೆ ದೊಡ್ಡ ಕ್ಲಬ್ಬಿನಲ್ಲಿ ಕಲಿಸುವ ಕೆಲಸ ಸಿಕ್ಕೀತು ಅನ್ನುವ ಆಸೆ.

ಎದುರಿನ ಕುರ್ಚಿಯಲ್ಲಿ ಮಾಸ್ತರು ಕೂತಿದ್ದರು. ಹದಿನೈದನೆಯ ವಯಸ್ಸಿನಿಂದ ಗಂಡನಿಗೆ ಬಾಕ್ಸಿಂಗ್ ಕಲಿಸಿದವರು. ಅವರ ಮೂಗೇ ಎರಡು ಕಡೆ ತಿರುಗಿತ್ತು.

“ಇಲ್ಲೊಂದು ಸಹಿ ಹಾಕಿಬಿಡಮ್ಮ. ಪಂದ್ಯದ ಡಾಕ್ಟರ ಹೊಸ ನಿಯಮ. ಮನೆಯವರೇ ಹೇಳಬೇಕಂತೆ.”

ಅವಳು ಕಾಗದ ಓದಿದಳು. ಮರೆವು, ತಲೆನೋವು, ನಡಿಗೆಯಲ್ಲಿ ವ್ಯತ್ಯಾಸ ಕಂಡಿದೆಯೇ? ಮುಂದೆ ಎರಡು ಚೌಕ. ಹೌದು. ಇಲ್ಲ.

ಹೌದು ಅಂದರೆ ಈ ಶನಿವಾರವಿಲ್ಲ, ಮುಂದೆ ಇನ್ಯಾವ ಶನಿವಾರವೂ ಇಲ್ಲ. ಕಳೆದ ತಿಂಗಳು ಅವನು ಮಗಳನ್ನು ಕರೆತರಲು ಹೋಗಿ, ತಾನು ಓದಿದ ಹಳೆಯ ಶಾಲೆಯ ಗೇಟಿನ ಮುಂದೆ ಒಂದು ಗಂಟೆ ಕಾದಿದ್ದ. ಪಾಪ, ನಿದ್ದೆಗೆಟ್ಟಿದ್ದಾನೆ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಿದ್ದಳು. ಉರಿಯುವ ಒಲೆ ಬಿಟ್ಟು ಹೋದದ್ದಕ್ಕೂ ಅದೇ ಸಮಾಧಾನ.

“ಇಲ್ಲ ಅಂತ ಹಾಕೇ,” ಅಂದ ಗಂಡ, ಸಂಜೆಯ ಅಭ್ಯಾಸಕ್ಕೆ ಹೊರಡುವ ಮುಂಚೆ ಪಟ್ಟಿ ಸುತ್ತಿಕೊಳ್ಳಲು ನೆಲದ ಮೇಲೆ ಕೂತು. “ಸುಸ್ತು ಯಾರಿಗಿಲ್ಲ? ನಿನಗಿಲ್ವಾ?”

“ನನ್ನ ತಲೆಗೆ ಯಾರೂ ಗುದ್ದಲ್ಲ ರೀ.”

“ಮಗಳ ಲೆಕ್ಕದ ಪುಸ್ತಕ ಗುದ್ದುತ್ತಲ್ಲ.”

ಮಾಸ್ತರು ನಕ್ಕರು. ಅವಳಿಗೂ ನಗು ಬಂತು. ಪೆನ್ನಿನ ತುದಿ ‘ಇಲ್ಲ’ದ ಹತ್ತಿರ ಹೋಯಿತು.

ಅವನು ಒಂದು ಸುರುಳಿ ತೆಗೆದುಕೊಂಡು ಎಡಗೈಗೆ ಸುತ್ತಿದ. ಯಾವಾಗಲೂ ಎಡಗೈ ಮೊದಲು. ಮಣಿಕಟ್ಟಿಗೆ ಮೂರು ಸುತ್ತು, ಆಮೇಲೆ ಗೆಣ್ಣಿನ ಮೇಲೆ, ಬೆರಳ ಸಂದಿಯಲ್ಲಿ. ಎರಡನೆಯ ಸುರುಳಿ ತೆಗೆದುಕೊಂಡ. ಅದರ ಕುಣಿಕೆಯನ್ನೂ ಎಡ ಹೆಬ್ಬೆರಳಿಗೇ ತೂರಿಸಿ, ಸುತ್ತಿದ್ದರ ಮೇಲೆಯೇ ಸುತ್ತತೊಡಗಿದ. ಶ್ರದ್ಧೆಯಿಂದ, ಒಂದು ಸುಕ್ಕೂ ಬಾರದ ಹಾಗೆ.

“ಏನೋ, ಒಂದೇ ಕೈಗೆ ಚಳಿಯಾ?” ಅಂದರು ಮಾಸ್ತರು.

ಅವನು ತಲೆಯೆತ್ತಿ ನಕ್ಕ. ಯಾಕೆ ನಗಬೇಕು ಅನ್ನುವುದು ಅವನಿಗೆ ಗೊತ್ತಾಗಿರಲಿಲ್ಲ. ಆಮೇಲೆ ಮಂಡಿಯ ಮೇಲಿದ್ದ ಬರಿಯ ಬಲಗೈ ಕಣ್ಣಿಗೆ ಬಿತ್ತು. ಅದನ್ನೇ ನೋಡುತ್ತ ಕೂತ.

“ನಿಮ್ಮನ್ನ ನಗಿಸೋಣ ಅಂತ ಮಾಡ್ದೆ.”

ಈ ಸಲ ಮಾಸ್ತರು ನಗಲಿಲ್ಲ.

ಅಡುಗೆಮನೆಯಲ್ಲಿ ನೀರು ಕುದಿಯುತ್ತಿತ್ತು. ಅವಳು ಎದ್ದು ಒಲೆ ಆರಿಸಿ ಬಂದಳು. ‘ಹೌದು’ಗೆ ಗುರುತು ಹಾಕಿದಳು. ಕೆಳಗೆ ಹಳೆಯ ಶಾಲೆಯ ವಿಷಯ ಬರೆದಳು, ಒಲೆಯದನ್ನೂ ಬರೆದಳು. ಸಹಿ ಹಾಕಿ ಮಾಸ್ತರ ಕೈಗೆ ಕೊಟ್ಟಳು. ಅವರು ಓದದೆಯೇ ಮಡಿಸಿ ಜೇಬಿಗಿಟ್ಟುಕೊಂಡರು.

“ಜಿಮ್ಮಲ್ಲಿ ನಾನೂ ನೋಡಿದ್ದೆ ಕಣಮ್ಮ,” ಅಂದರು. “ನೋಡಿಲ್ಲದವನ ಹಾಗೆ ಇದ್ದೆ.”

ಅವರು ಹೋದ ಮೇಲೆ ಗಂಡ ಕೇಳಿದ, “ಒಂದೇ ಒಂದು ಪಂದ್ಯ ಇತ್ತಲ್ಲೇ?”

“ಹೂಂ ರೀ.”

“ಆ ಕೆಲಸ?”

“ಗೊತ್ತಿಲ್ಲ. ಮೊದಲು ಕೈ ಕೊಡಿ ಇಲ್ಲಿ.”

ಅವನು ಎರಡೂ ಕೈ ಚಾಚಿದ. ಅವಳು ದಪ್ಪಗಾಗಿದ್ದ ಕೈಯನ್ನು ಮಡಿಲಿಗೆಳೆದುಕೊಂಡು ಬಿಚ್ಚತೊಡಗಿದಳು. ಎರಡು ಪಟ್ಟಿ, ಬೇಗ ಮುಗಿಯಲಿಲ್ಲ. ಅವನು ಗೋಡೆಗೊರಗಿ ಕಣ್ಣು ಮುಚ್ಚಿದ. ಬಿಚ್ಚಿದ್ದನ್ನು ಅವಳ ಬೆರಳುಗಳು ತಾವಾಗಿಯೇ ಸುರುಳಿ ಸುತ್ತತೊಡಗಿದವು. ಅರ್ಧಕ್ಕೆ ನಿಲ್ಲಿಸಿ, ಪಟ್ಟಿಗಳನ್ನು ಮಾಮೂಲಿ ಬಟ್ಟೆಯ ಹಾಗೆ ಮಗಳ ಲಂಗಗಳ ಜೊತೆ ಮಡಿಸಿಟ್ಟಳು.